ಗ್ಲೀನ್ ಅಂದರೆ ಹಕ್ಕಲು ಆಯುವುದು

“ನೋಡಪ್ಪ, ಆ ಅಜ್ಜಿ ಗ್ಲೀನ್ ಮಾಡ್ತಿದ್ದಾರೆ!”

ಹಂಪಿ ನೋಡಲು ಬಂದಿದ್ದ ನಿವೃತ್ತ ಇಂಗ್ಲಿಷ್ ಟೀಚರೊಬ್ಬರು ಬುಕ್ಕಸಾಗರದ ರಸ್ತೆಯಲ್ಲಿ ನನ್ನ ಆಟೊ ನಿಲ್ಲಿಸಿ, ಕೊಯ್ಲಾದ ಗದ್ದೆಯತ್ತ ಕೈ ತೋರಿಸಿದರು.

“ಕ್ಲೀನ್ ಅಲ್ರಿ ಮೇಡಂ, ಹಕ್ಕಲು ಆಯಾಕತ್ತಾಳ. ಕೊಯ್ದ ಮ್ಯಾಲೆ ಉಳಿದ ತೆನಿ,” ಎಂದೆ.

ಅವರು ನಕ್ಕರು. “ಕ್ಲೀನ್ ಅಲ್ಲ, ಗ್ಲೀನ್. ಅಂದ್ರೆ ಹಕ್ಕಲು ಆಯೋದೇ! ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಹಳೇ ಮಾತು. ಈಗ ಪುಸ್ತಕದಿಂದ ವಿಷಯ ಹೆಕ್ಕೋದಕ್ಕೂ ಹಾಗೇ ಅಂತಾರೆ.”

ಅವ್ವ ತೀರಿಕೊಂಡು ಆಗ ಮೂರು ತಿಂಗಳು. ನಾನು ಹೈಸ್ಕೂಲಿನಲ್ಲಿದ್ದಾಗ ಅವಳು ಇಂಥ ಗದ್ದೆಗಳಲ್ಲಿ ಉಡಿ ತುಂಬ ತೆನೆ ಆಯ್ದು ತರುತ್ತಿದ್ದಳು. ಒಮ್ಮೆ ಗೆಳೆಯರು ನೋಡಿದರೆಂದು, “ಇನ್ನ ಹಕ್ಕಲಿಗೆ ಹೋಗಬ್ಯಾಡ, ನನಗ ನಾಚಿಕಿ ಆಗ್ತೈತಿ” ಅಂದಿದ್ದೆ. “ಆತು ಬಿಡಪ್ಪ” ಅಂದಳು. ಮತ್ತೆಂದೂ ಹೋಗಲಿಲ್ಲ.

ದೂರದ ದೇಶದಲ್ಲೂ ಅವ್ವಂದಿರು ಹೀಗೇ ಬಗ್ಗಿ ಆಯ್ದಿದ್ದಾರೆ, ಅದಕ್ಕೊಂದು ಮಾತನ್ನೂ ಇಟ್ಟಿದ್ದಾರೆ ಎಂದು ಅವಳಿಗೆ ಹೇಳಬೇಕೆನಿಸಿತು. ಹೇಳಲು ಅವಳಿಲ್ಲ. ಚಪ್ಪಲಿ ಬಿಟ್ಟು ಗದ್ದೆಗಿಳಿದೆ. ರಸ್ತೆಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದರು. ನಾನು ಆಯ್ದ ತೆನೆಗಳನ್ನು ಅಜ್ಜಿಯ ಪುಟ್ಟಿಗೆ ಹಾಕಿದೆ.