ಮೂರನೇ ಪುಟದಲ್ಲಿದ್ದ ಲಿಫ್ಟ್

2023ರಲ್ಲಿ ನಾನು ದೋಹಾದ ಒಂದು ರಿಯಲ್ ಎಸ್ಟೇಟ್ ಸಂಸ್ಥೆಯಲ್ಲಿ ಸೀನಿಯರ್ ಸೇಲ್ಸ್ ಕನ್ಸಲ್ಟೆಂಟ್ ಆಗಿದ್ದೆ. ಪಕ್ಕದ ಲುಸೈಲ್ ನಗರದ ಫ್ಲಾಟುಗಳ ಮರುಮಾರಾಟ ನನ್ನ ವಿಭಾಗ. ಮನೆ ಮಾರುವವರಿಂದ ನಾವು ನಾಲ್ಕು ಪುಟಗಳ ಡಿಸ್‌ಕ್ಲೋಷರ್ ಫಾರ್ಮ್ ಬರೆಸಿಕೊಳ್ಳುತ್ತಿದ್ದೆವು. ನೀರು ಸೋರಿಕೆ, ಎಸಿ ದುರಸ್ತಿ, ಕಟ್ಟಡದಲ್ಲಿ ಮುಂದೆ ನಡೆಯಲಿರುವ ಕೆಲಸ, ಹೀಗೆ ತಮಗೆ ಗೊತ್ತಿರುವುದನ್ನೆಲ್ಲ ಅವರು ಅದರಲ್ಲಿ ತಿಳಿಸಬೇಕು. ಕೊಳ್ಳುವವರು ಓದಿ ಪ್ರತಿ ಪುಟಕ್ಕೂ ಸಹಿ ಹಾಕಬೇಕು.

ಜುಬೈದಾ ಬಂಟ್ವಾಳದವರು. ಹತ್ತೊಂಬತ್ತು ವರ್ಷಗಳಿಂದ ದೋಹಾದಲ್ಲಿ ಟೈಲರಿಂಗ್ ಅಂಗಡಿ ನಡೆಸುತ್ತಿದ್ದರು. ಪತಿ ಹಮೀದ್ ಅವರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೆಟ್ಟಿಲು ಇಳಿಯಲು ಅವರಿಂದ ಆಗುತ್ತಿರಲಿಲ್ಲ. ಹಾಗಾಗಿ ಬಿನ್ ಒಮ್ರಾನ್‌ನ ಲಿಫ್ಟಿಲ್ಲದ ಬಾಡಿಗೆ ಮನೆ ಬಿಟ್ಟು ಸ್ವಂತದ್ದೊಂದನ್ನು ಹುಡುಕುತ್ತಿದ್ದರು. ಐದಂತಸ್ತಿನ ಕಟ್ಟಡದ ನಾಲ್ಕನೇ ಮಹಡಿಯ ಫ್ಲಾಟ್ ಹಿಡಿಸಿತು. ನೋಡಲು ಬಂದ ದಿನ ಜುಬೈದಾ ಲಿಫ್ಟಿನೊಳಗೆ ವೀಲ್‌ಚೇರ್ ಹಿಡಿಯುತ್ತದೆಯೇ ಎಂದು ಗೇಣು ಹಾಕಿ ಅಳೆದಿದ್ದರು.

ಆ ಫ್ಲಾಟಿನ ಫಾರ್ಮನ್ನು ನಾನು ಸಹಿಯ ಹಿಂದಿನ ದಿನವೇ ಓದಿದ್ದೆ. ಮೂರನೇ ಪುಟದಲ್ಲಿ ಒಂದು ಸಾಲು: ಕಟ್ಟಡದಲ್ಲಿರುವ ಒಂದೇ ಒಂದು ಲಿಫ್ಟನ್ನು ಬದಲಿಸಲು ತೀರ್ಮಾನವಾಗಿದೆ, ಸುಮಾರು ನಾಲ್ಕು ತಿಂಗಳು ಲಿಫ್ಟ್ ಇರುವುದಿಲ್ಲ. ಎರಡು ಮಾರಾಟ ಕೈತಪ್ಪಿ ಮ್ಯಾನೇಜರ್ ಕೈಲಿ ಬೈಸಿಕೊಂಡಿದ್ದ ವಾರ ಅದು. ಕೇಳಿದರೆ ಹೇಳೋಣ ಎಂದುಕೊಂಡೆ.

ಅವರು ಕೇಳಿದರು.

“ಇದರಲ್ಲಿ ಎಂತೆಲ್ಲ ಉಂಟು ಸರ್? ನನಗೆ ಇಷ್ಟು ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ.”

“ಅದೆಲ್ಲಾ ಮಾಮೂಲಿ ಫಾರ್ಮಾಲಿಟಿ ಮೇಡಂ. ಇಲ್ಲೊಂದು ಸೈನ್ ಹಾಕ್ಬಿಡಿ, ಖಲಾಸ್.”

ಅವರು ನಾಲ್ಕೂ ಪುಟಕ್ಕೆ ನಿಧಾನವಾಗಿ ಕನ್ನಡದಲ್ಲಿ ಸಹಿ ಹಾಕಿದರು.

ಅವರು ಮನೆಗೆ ಬಂದ ಏಳನೇ ವಾರ ಲಿಫ್ಟ್ ನಿಂತಿತು. ಜುಬೈದಾ ಫೋನ್ ಮಾಡಿದಾಗ ಹೋದೆ. ಇಬ್ಬರು ವಾಚ್‌ಮನ್‌ಗಳು ಹಮೀದರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿಳಿಸುತ್ತಿದ್ದರು. ನಾನೂ ಕುರ್ಚಿ ಹಿಡಿದೆ. “ನನ್ನಿಂದ ನಿಮಗೂ ತೊಂದರೆ ಆಯ್ತು ಸರ್” ಎಂದರು ಹಮೀದ್. ನನಗೆ ಅವರ ಮುಖ ನೋಡಲಾಗಲಿಲ್ಲ.

ಅವರನ್ನು ಕಾರಿನಲ್ಲಿ ಕೂರಿಸಿದ ಮೇಲೆ ಜುಬೈದಾ ಬ್ಯಾಗಿನಿಂದ ಫಾರ್ಮ್ ತೆಗೆದರು. ಪಕ್ಕದ ಮನೆಯವರು ಓದಿ ಹೇಳಿದ್ದರಂತೆ.

“ಇದು ಆ ದಿನ ನಿಮಗೆ ಗೊತ್ತಿತ್ತಾ?”

ಇಲ್ಲ ಎನ್ನಬಹುದಿತ್ತು. “ಗೊತ್ತಿತ್ತು. ಓದಿದ್ದೆ” ಎಂದೆ.

“ನಾನು ನಿಮ್ಮತ್ರವೇ ಕೇಳಿದ್ದಲ್ವಾ ಸರ್?”

ಬೈಯಲಿಲ್ಲ. ಡಯಾಲಿಸಿಸ್‌ಗೆ ಹೊತ್ತಾಗುತ್ತದೆ ಎಂದು ಕಾರು ಹತ್ತಿದರು.

ಆಫೀಸಿನಲ್ಲಿ ಹೇಳಿಕೊಂಡೆ. “ಸಹಿ ಇದೆಯಲ್ಲ, ನಮ್ಮ ತಪ್ಪೇನಿಲ್ಲ” ಎಂದರು ಮ್ಯಾನೇಜರ್. ಲಿಫ್ಟ್ ಆಗುವವರೆಗೆ ಇರಲು ಅವರಿಬ್ಬರಿಗೆ ಬಿನ್ ಮಹಮೂದ್‌ನಲ್ಲಿ ಡಯಾಲಿಸಿಸ್ ಕ್ಲಿನಿಕ್ ಹತ್ತಿರ ನೆಲಮಹಡಿಯ ಬಾಡಿಗೆ ಮನೆಯೊಂದನ್ನು ಹುಡುಕಿಕೊಟ್ಟೆ. ಸಾಮಾನು ಸಾಗಿಸಲು ಹೋದೆ. ನಾಲ್ಕು ತಿಂಗಳೆಂದಿದ್ದ ಲಿಫ್ಟ್ ಕೆಲಸಕ್ಕೆ ಏಳು ತಿಂಗಳು ಹಿಡಿಯಿತು. ಸ್ವಂತ ಮನೆಗೆ ಮರಳುವಾಗ ಜುಬೈದಾ ಬಾಡಿಗೆ ಮನೆಯ ಕೀಯನ್ನು ತಾವೇ ಬಂದು ಕೊಡದೆ ಬೇರೆಯವರ ಕೈಯಲ್ಲಿ ನನಗೆ ಕಳಿಸಿದರು.

ಈಗ ನಾನು ಫಾರ್ಮಿನ ಪ್ರತಿ ಸಾಲನ್ನೂ ಕೊಳ್ಳುವವರ ಭಾಷೆಯಲ್ಲಿ ಓದಿ ಹೇಳುತ್ತೇನೆ. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಕಾಗದ ಕೊಟ್ಟ ಮಾತ್ರಕ್ಕೆ ವಿಷಯ ತಿಳಿಸಿದಂತಾಗುವುದಿಲ್ಲ ಎಂದು ಈ ವೃತ್ತಿ ಕಲಿಸಿತು. ಜುಬೈದಾ ಓದದೆ ಸಹಿ ಹಾಕಿದರು ಎಂದು ನಮ್ಮ ಫೈಲು ಹೇಳಬಹುದು. ಅವರು ನನ್ನ ಮಾತು ನಂಬಿ ಸಹಿ ಹಾಕಿದರು. ಅದು ನನಗೆ ಗೊತ್ತು.