ಕೂಗದ ಅಮೀನ

ಕೋರ್ಟಿನ ಎದುರಿಗೇ ನನ್ನ ಬೀಗದ ಅಂಗಡಿ. ಸಮನ್ಸ್ ಜಾರಿ ಮಾಡುವ ನಮ್ಮ ಅಮೀನನನ್ನು ಅವನ ತಲೆ ಕಪ್ಪಗಿದ್ದಾಗಿನಿಂದ ಬಲ್ಲೆ. ಯಾರ ಮನೆಗೇ ಹೋಗಲಿ, ಬಾಗಿಲಲ್ಲಿ ನಿಂತು ಮೊದಲು ಕುಡಿಯಲು ನೀರು ಕೇಳುತ್ತಾನೆ. ನೀರು ತಂದವರಿಗೆ ಮೆಲ್ಲಗೆ ವಿಷಯ ತಿಳಿಸಿ, ಪಕ್ಕದ ಮನೆಗೆ ಸುಳಿವು ಸಿಗದಂತೆ ಸಹಿ ಹಾಕಿಸಿಕೊಳ್ಳುತ್ತಾನೆ. ಅಷ್ಟು ನೀರು ಕುಡಿದವನು ಇನ್ನೂ ತೇಲಿಹೋಗಿಲ್ಲವಲ್ಲ ಎಂಬುದೇ ನನಗೆ ಆಶ್ಚರ್ಯ.

ನಮ್ಮ ಬೀದಿಯಲ್ಲಿ ಬಾಡಿಗೆ ಮಳಿಗೆಯಲ್ಲಿ ಬಟ್ಟೆ ಹೊಲಿಯುವ ಹೊಲಿಗೆಯಕ್ಕನ ಮೇಲೆ, ಮಳಿಗೆ ಖಾಲಿ ಮಾಡಿಸಲು ಕಟ್ಟಡದ ಯಜಮಾನ ದಾವೆ ಹೂಡಿದ. ಗಿರಾಕಿಗಳು ತುಂಬಿರುವ ಹೊತ್ತಿನಲ್ಲೇ, ಬೀದಿಗೆಲ್ಲ ಕೇಳುವಂತೆ ಕೂಗಿ ಸಮನ್ಸ್ ಕೊಡಬೇಕೆಂದು ಮೇಲಧಿಕಾರಿಯಿಂದ ಅಮೀನನಿಗೆ ತಾಕೀತು ಮಾಡಿಸಿದ. ಹೆಸರು ಕೆಟ್ಟರೆ ಗಿರಾಕಿ ಚದುರುತ್ತಾರೆ, ಮಳಿಗೆ ತಾನಾಗಿಯೇ ಖಾಲಿಯಾಗುತ್ತದೆ. ವ್ಯಾಪಾರಿಯಾಗಿ ಹೇಳುತ್ತೇನೆ, ಯೋಚನೆ ಕೆಟ್ಟದಾದರೂ ಕಚ್ಚಾ ಆಗಿರಲಿಲ್ಲ.

ಅಮೀನ ಹೋದ. ತಮಾಷೆ ನೋಡಲು ಯಜಮಾನನೂ ಬಂದು ನಿಂತ.

"ಅಕ್ಕಾ, ಒಂದು ಲೋಟ ನೀರು ಕೊಡ್ತೀರಾ?"

ಅಕ್ಕ ನೀರು ತಂದಳು. ಇವನು ಬಗ್ಗಿ ಏನೋ ಹೇಳಿದ. ಅವಳು ಸಹಿ ಹಾಕಿ ಮತ್ತೆ ಅಳತೆಯ ಟೇಪು ಹಿಡಿದಳು.

"ಕೂಗಯ್ಯಾ! ಗಂಟಲಿಗೇನು ಬಡಿದಿದೆ ನಿಂಗೆ?" ಎಂದ ಯಜಮಾನ.

"ಕೇಳಬೇಕಾದವರಿಗೆ ಕೇಳಿಸ್ತು ಸ್ವಾಮಿ. ಮಿಕ್ಕಿದ್ದು ನೀವೇ ಕೂಗ್ಕೊಳ್ಳಿ."

ತಾನೇ ಕೂಗಿದರೆ ಬೀದಿ ತನ್ನನ್ನೇ ನೋಡಿ ನಗುತ್ತದೆಂದು ಅವನಿಗೂ ಗೊತ್ತು. ಸೀದಾ ಹೋಗಿ ದೂರು ಕೊಟ್ಟ. ಅಮೀನನ ಕೆಲಸಕ್ಕೇ ಕುತ್ತು ಬಂತು.

ಅಮೀನ ನನ್ನ ಅಂಗಡಿಯಲ್ಲಿ ಕೂತಿದ್ದಾಗ, ಇಂಗ್ಲಿಷ್ ಮೇಷ್ಟ್ರಾದ ನನ್ನ ಭಾವ ದಪ್ಪ ನಿಘಂಟು ಹೊತ್ತು ಬಂದರು.

"ನೋಡಯ್ಯಾ, ಸಮನ್ಸ್ ಅನ್ನೋದರ ಬೇರು ಲ್ಯಾಟಿನ್‌ನಲ್ಲಿದೆ. ಸಬ್ ಅಂದ್ರೆ ಕೆಳಗೆ, ಮೊನೇರೆ ಅಂದ್ರೆ ಎಚ್ಚರಿಸೋದು. ಗುಟ್ಟಾಗಿ ಸೂಚನೆ ಕೊಡೋದು ಅಂತ ಹಳೇ ಅರ್ಥ. ಆಮೇಲೆ ಫ್ರೆಂಚರ ಬಾಯಿಗೆ ಬಿದ್ದು ಅಪ್ಪಣೆ ಆಯ್ತು. ಈಗ ಇಂಗ್ಲಿಷಿನವರು ಸಾಕ್ಷೀನ, ಸೈನ್ಯಾನ, ದೆವ್ವಾನ, ಕೊನೆಗೆ ತಮ್ಮಲ್ಲಿಲ್ಲದ ಧೈರ್ಯಾನೂ ಇದೇ ಪದ ಹಿಡಿದು ಕರೀತಾರೆ. ಆ ಹಳೇ ಅರ್ಥ ನಿನ್ನ ಸಮಜಾಯಿಷಿಯಲ್ಲಿ ಬರಿ, ಬಚಾವಾಗ್ತೀಯ."

ಸರಕು ಚೆನ್ನಾಗಿದೆ ಎಂದು ನಾನೂ ಒತ್ತಾಯಿಸಿದೆ. ಅಮೀನ ನಕ್ಕ.

"ಮೇಷ್ಟ್ರೇ, ಆ ಲ್ಯಾಟಿನ್‌ನವರು ಕೂಗು ಅಂದಿದ್ರೆ ನಾನು ಕೂಗಬೇಕಿತ್ತಾ?"

ಭಾವ ನಿಘಂಟು ಮುಚ್ಚಿದರು.

"ಇನ್ಮೇಲಾದ್ರೂ ಕೂಗ್ತೀಯೋ ಇಲ್ವೋ?" ಎಂದು ಮೇಲಧಿಕಾರಿ ಕೇಳಿದಾಗ "ಇಲ್ಲ ಸಾರ್" ಎಂದನಂತೆ, ಅಷ್ಟೇ. ಸಮನ್ಸ್ ಸರಿಯಾಗಿಯೇ ಜಾರಿಯಾಗಿತ್ತು. ಮನೆಗೆ ಕಳಿಸಲು ಕಾರಣ ಸಿಗಲಿಲ್ಲ. ಶಿಕ್ಷೆಯೆಂದು ಕೋರ್ಟಿನ ಬಾಗಿಲಲ್ಲಿ ಹೆಸರು ಕೂಗುವ ಕೆಲಸಕ್ಕೇ ಹಾಕಿದರು.

ಈಗ ಅವನು ವರಾಂಡದ ಬೆಂಚುಗಳ ನಡುವೆ ಓಡಾಡುತ್ತ, ಒಬ್ಬೊಬ್ಬರ ಪಕ್ಕ ಬಗ್ಗಿ "ನಿಮ್ಮ ಸರದಿ, ಬನ್ನಿ" ಎನ್ನುತ್ತಾನೆ. ಒಳಗಿನಿಂದ ಮೇಲಧಿಕಾರಿ "ಕೂಗೋ!" ಎಂದು ಅರಚುವುದು ಮಾತ್ರ ನನ್ನ ಅಂಗಡಿಯವರೆಗೂ ಕೇಳಿಸುತ್ತದೆ.