ಗರಸಿನ ತಗ್ಗಿಗೆ ಚರಗ

ಶೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲಕ್ಕೆ ಉಣಿಸುತ್ತಾರೆ. ಪೈರು ತುಂಬಿದ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಬುಟ್ಟಿಯಲ್ಲಿಟ್ಟುಕೊಂಡು ಒಬ್ಬರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚೆಲ್ಲಿದರೆ, ಹಿಂದಿದ್ದವರು ‘ಚಲ್ಲಂಬ್ರಿಗೋ’ ಎಂದು ದನಿಗೂಡಿಸುತ್ತಾರೆ. ಇದೇ ಚರಗ. ಹೆಬ್ಬಳ್ಳಿಯ ನಮ್ಮ ಹೊಲದಲ್ಲಿ ಅದು ಅತ್ತೆಯವರ ಹಕ್ಕು. ಧಾರವಾಡದ ಮನೆಯಲ್ಲಿ ಮೊಣಕಾಲು ನೋವೆಂದು ಮೆಟ್ಟಿಲು ಹತ್ತದವರು ಅವತ್ತು ನಮಗಿಂತ ಮುಂದೆ ನಡೆಯುತ್ತಾರೆ.

ಆದರೆ ಹೊಲದ ಮೇಲಿನ ತುದಿಗೆ ಮುಖವನ್ನೂ ತಿರುಗಿಸುತ್ತಿರಲಿಲ್ಲ. ರಸ್ತೆ ಅಗಲ ಮಾಡುವಾಗ ಮಾವನವರು ಅಲ್ಲಿದ್ದ ದಿಬ್ಬವನ್ನು ಗರಸು, ಅಂದರೆ ರಸ್ತೆಗೆ ಹಾಸುವ ಜಲ್ಲಿಮಣ್ಣು, ತೆಗೆಯಲು ಕೊಟ್ಟಿದ್ದರು. ಲಾರಿಗಳು ಹೋದ ಮೇಲೆ ಎರಡಾಳು ಆಳದ ತಗ್ಗು ಉಳಿಯಿತು. ಕೊಡುವಾಗ ಅತ್ತೆಯವರನ್ನು ಯಾರೂ ಕೇಳಿರಲಿಲ್ಲ.

ಮಾವನವರು ತೀರಿಕೊಂಡ ಮೇಲೆ, ಕೆಡವಿದ ಮನೆಗಳ ಮಣ್ಣು ತಂದು ತಗ್ಗು ಮುಚ್ಚಿಸೋಣ ಎಂದರು ನಮ್ಮ ಯಜಮಾನರು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಾನು ಬೇಡವೆಂದೆ. ಅಲ್ಲಿ ಹುಲ್ಲು ಬರಲಿ, ದಿಬ್ಬದಲ್ಲಿದ್ದ ಹಕ್ಕಿ, ಮೊಲ ಮತ್ತೆ ಬರಲಿ ಎಂದು ಹಟ ಹಿಡಿದೆ.

“ಮಂದಿ ಹೊಲದಾಗಿನ ಹುಲ್ಲು ಕೀಳತಾರ, ನಮ್ಮ ವೈನಿ ಹುಲ್ಲು ಬಿತ್ತಾಕತ್ತಾರ!” ಎಂದು ಮೈದುನ ಊರೆಲ್ಲ ಡಂಗುರ ಹೊಡೆದ.

ಬಿದ್ದ ಪ್ರಾಣಿ ಹತ್ತಿ ಬರಲೆಂದು ಒಂದು ಮಗ್ಗುಲನ್ನು ಜೆಸಿಬಿಯಿಂದ ಇಳಿಜಾರು ಮಾಡಿಸಿದೆ. ಗರಸು ತೆಗೆಯುವಾಗ ಬದುವಿಗೆ ಒಟ್ಟಿದ್ದ ಮೇಲ್ಮಣ್ಣು ಹರಡಿಸಿ ಕರಡದ ಹುಲ್ಲಿನ ಬೀಜ ಚೆಲ್ಲಿದೆ. ಮೊದಲ ದೊಡ್ಡ ಮಳೆಗೆ ಬೀಜವೆಲ್ಲ ತಳದ ಹೊಂಡ ಸೇರಿತು. ಮೈದುನ ಮತ್ತೆ ನಕ್ಕ. ನನಗೂ ಸಿಟ್ಟು ಬಂತು. ಮರುವರ್ಷ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲು ಹಾಕಿಸಿ ಮತ್ತೆ ಚೆಲ್ಲಿದೆ. ಆಡು ಬಾರದಂತೆ ಜಾಲಿಮುಳ್ಳಿನ ಬೇಲಿ ಹಾಕಿಸಿದೆ. ತಿಂದು ಉಳಿದದ್ದನ್ನು ಯಾರೂ ಅಲ್ಲಿ ಎಸೆಯಬಾರದು, ನಾಯಿ ಬರುತ್ತವೆ ಎಂದು ಮನೆಯಲ್ಲಿ ದಿನಾ ಒದರುತ್ತಿದ್ದೆ.

ಹುಲ್ಲು ಎದ್ದಿತು. ಮುಂಗುಸಿ ಕಂಡಿತು, ಮೊಲದ ಹಿಕ್ಕೆ ಕಂಡಿತು. ಆದರೆ ಖರೇ ಹೇಳಬೇಕೆಂದರೆ ನನಗೆ ಮೊಲಕ್ಕಿಂತ ಅತ್ತೆಯವರು ಬರುವುದು ಬೇಕಿತ್ತು. ಅದು ಮತ್ತೆ ಹೊಲವಾಯಿತು ಎಂದು ಅವರ ಬಾಯಿಂದಲೇ ಕೇಳಬೇಕಿತ್ತು.

“ಅತ್ತ್ಯಾರ, ಈ ಸಲ ಆ ಕಡೇನೂ ಚರಗ ಚೆಲ್ಲ್ರಿ” ಎಂದೆ.

“ಚರಗ ಬಸುರಿಗೆ ಕೊಡೂದು. ನಾವು ಹೊಟ್ಟೀನ ಬಗದೀವಿ. ಅದೆಲ್ಲಿ ಬಸುರಾಗತೈತಿ?”

“ಹುಲ್ಲು ಬಂದೈತಲ್ರಿ.”

“ಹುಲ್ಲು ಗ್ವಾಡಿ ಮ್ಯಾಲೂ ಬರತೈತಿ.”



ಕಳೆದ ಶೀಗಿ ಹುಣ್ಣಿಮೆಗೆ ನಮ್ಮ ಕೂಗಿಗೆ ಬೆದರಿ ಹತ್ತಿಯ ಸಾಲಿನಿಂದ ಮೊಲವೊಂದು ಜಿಗಿದು ತಗ್ಗಿನ ಕಡೆ ಓಡಿತು. “ಎಲ್ಲಿ ಹೋತದು?” ಎಂದು ಅತ್ತೆಯವರು ಬುಟ್ಟಿ ಹಿಡಿದುಕೊಂಡೇ ಅದರ ಹಿಂದೆ ನಡೆದರು. ಬೇಲಿಯ ಹತ್ತಿರ ಹೋದ ಮೇಲೆಯೇ ತಾವೆಲ್ಲಿಗೆ ಬಂದಿದ್ದೇವೆಂದು ಅವರಿಗೆ ತಿಳಿದಿರಬೇಕು. ನಿಂತರು. ನಾನೂ ಪಕ್ಕದಲ್ಲಿ ನಿಂತೆ.

ಓಡಿದ ಮೊಲ ಕಾಣಲಿಲ್ಲ. ಬೇಲಿಯ ಆಚೆ, ಕಲ್ಲಿನ ಸಾಲಿನ ಬುಡದಲ್ಲಿ, ಮುಷ್ಟಿಯಷ್ಟು ಮರಿಯೊಂದು ಕಿವಿ ಮಡಚಿಕೊಂಡು ಹುಲ್ಲಿಗೆ ಅಂಟಿ ಕುಳಿತಿತ್ತು.

“ಹಡದಾಳ” ಎಂದರು ಅತ್ತೆಯವರು. ಅವರ ಕಣ್ಣು ತುಂಬಿದ್ದವು.

ಅಷ್ಟರಲ್ಲಿ ಹಿಂದಿನಿಂದ ಬಂದ ಮೈದುನ ರೂಢಿಯಂತೆ ‘ಹುಲ್ಲುಲ್ಲಿಗೋ’ ಎಂದು ಬಾಯಿ ತೆಗೆದ.

“ಒದರಬ್ಯಾಡೋ! ಬಾಣಂತಿ ಮನ್ಯಾಗ ಹಂಗ ಒದರತಾರೇನು?”

ಬುಟ್ಟಿಯಲ್ಲಿ ಇನ್ನೂ ಕಡಬು ಇತ್ತು. ಅದು ಬಸುರಿಯ ಊಟವೆಂದು ಅವರು ಅಲ್ಲಿ ಚೆಲ್ಲಲಿಲ್ಲ, ತಿರುಗಿ ನಡೆದರು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ತುಪ್ಪದ ವಾಸನೆ. ಅತ್ತೆಯವರು ಬಾಣಂತಿಗೆ ಕಟ್ಟುವ ಅಂಟಿನುಂಡೆ ಕಟ್ಟುತ್ತಿದ್ದರು. “ಗಾಡಿ ತಗೀ” ಎಂದರು.

ತಗ್ಗಿನ ಬೇಲಿಯ ಹತ್ತಿರ ಅವರು ಉಂಡೆ ಕೈಗೆತ್ತಿಕೊಂಡಾಗ ನಾಯಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಚೆಲ್ಲಲಿಲ್ಲ. ನೋವಿನ ಮೊಣಕಾಲು ಊರಿ ಕುಳಿತು, ಕೈಯಿಂದಲೇ ಮಣ್ಣು ತೋಡತೊಡಗಿದರು.

“ಆಳಕ್ಕ ಹುಗಿಯೂಣು” ಎಂದರು. “ನಾಯಿ ಬರತಾವಂತ ನೀನ ಹೇಳತಿದ್ದೆಲ್ಲ.”